ಬಾಗಿಲ ಹಿಂದೆ ಹಗ್ಗ ಎಳೆಯುವವನು

ಆ ಬಾಗಿಲು ತಾನಾಗಿ ತೆರ್ಕೊಳ್ಳೋದಲ್ಲ ರಾಯರೇ. ಗೋಡೆ ಹಿಂದೆ ಒಬ್ಬ ಆಸಾಮಿ ನಿಂತು ಹಗ್ಗ ಎಳೀತಿದ್ದ. 'ಸ್ಟಾರ್ ಟ್ರೆಕ್' ಧಾರಾವಾಹಿಯ ಕ್ಯಾಪ್ಟನ್ ಕರ್ಕ್ ಠೀವಿಯಿಂದ ನಡ್ಕೊಂಡು ಬರ್ತಾನೆ, ಬಾಗಿಲು ಸುಯ್ ಅಂತ ಪಕ್ಕಕ್ಕೆ ಸರಿಯುತ್ತೆ, ನಾವು ಇಪ್ಪತ್ಮೂರನೇ ಶತಮಾನದ ತಂತ್ರಜ್ಞಾನ ಅಂದ್ರೆ ಹೀಗಿರುತ್ತೆ ಅಂತ ಬಾಯಿ ಬಿಟ್ಕೊಂಡು ನೋಡ್ತೀವಿ. ಸದ್ದು ಆಮೇಲೆ ಸೇರಿಸಿದ್ದು. ಹಗ್ಗದವನು ಒಂದು ಗಳಿಗೆ ಮೈಮರೆತರೆ ನಾಯಕನ ಮೂಗು ಸೀದಾ ಹಲಗೆಗೆ. ಹಾಗೆ ಡಿಕ್ಕಿ ಹೊಡೆದ ತುಣುಕುಗಳೂ ಉಳ್ಕೊಂಡಿವೆ, ಬೇಕಾದ್ರೆ ತೋರಿಸ್ತೀನಿ.

ನಿಮ್ಮ ಮೊಮ್ಮಗ ನಿನ್ನೆ ನಮ್ಮನೇಲಿ ಕೂತು 'ಸ್ಟಾರ್ ಟ್ರೆಕ್' ನೋಡಿ, "ತಾತ, ಆ ಬಂಡೆ ರಟ್ಟಿಂದು" ಅಂತ ತೀರ್ಪು ಕೊಟ್ಟ. ರಟ್ಟೋ ಫೋಮೋ, ಬಂಡೆಯಂತೂ ಅಲ್ಲ, ಒಪ್ಪಿದೆ. ಆದ್ರೆ ಆ ಹುಡುಗನಿಗೆ ಗೊತ್ತಾಗದೇ ಇರೋ ಸಂಗತಿ ಒಂದಿದೆ. ನನ್ನ ಕಣ್ಣಲ್ಲಿ ಆ ಧಾರಾವಾಹಿ ಒಳ್ಳೇದಾಗಿದ್ದೇ ಅವರ ಕೈಲಿ ಕಾಸಿಲ್ಲದ್ದರಿಂದ. ನೀವು ನಗಬೇಡಿ. ಲೆಕ್ಕಪತ್ರ ವಿಭಾಗದಲ್ಲಿ ಜೀವ ತೇಯ್ದವರು ನೀವು, ಬಜೆಟ್ಟು ಕತ್ತರಿಸಿದಾಗ ಮನುಷ್ಯನಿಗೆ ಬುದ್ಧಿ ಹೇಗೆ ಓಡುತ್ತೆ ಅನ್ನೋದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮೊದಲನೇ ಕಂತೇ ತಗೊಳ್ಳಿ, 'ದಿ ಮ್ಯಾನ್ ಟ್ರ್ಯಾಪ್'. 1966ರ ಸೆಪ್ಟೆಂಬರ್ 8ಕ್ಕೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದದ್ದು. ಒಂದು ಪ್ರಾಣಿ, ಮನುಷ್ಯರ ಮೈಯೊಳಗಿನ ಉಪ್ಪನ್ನೆಲ್ಲ ಹೀರಿ ಕೊಲ್ಲುತ್ತೆ. ನೋಡುವವರಿಗೆ ಬೇಕಾದವರ ರೂಪದಲ್ಲೇ ಎದುರಿಗೆ ಬರುತ್ತೆ. ಕರ್ಕ್‌ನ ಬಾಹ್ಯಾಕಾಶ ಹಡಗಿನ ಡಾಕ್ಟರ್ ಮೆಕಾಯ್‌ಗೆ ಅದು ಹಳೇ ಪ್ರೇಯಸಿ! ಕಥೇಲಿ ಉಪ್ಪಿನ ಡಬ್ಬಿ ಬೇಕಲ್ಲ, ಅದಕ್ಕೆ ವಿಚಿತ್ರ ಆಕಾರದವು ಒಂದಷ್ಟು ಹುಡುಕಿ ತಂದರು. ತಂದ ಮೇಲೆ ನೋಡಿದ್ರೆ, ಇಷ್ಟು ವಿಚಿತ್ರವಾಗಿದ್ರೆ ಇದು ಉಪ್ಪಿನ ಡಬ್ಬಿ ಅಂತ ಯಾರಿಗೆ ಗೊತ್ತಾಗುತ್ತೆ ಅಂತ ಅನುಮಾನ. ಸರಿ, ಕಥೆಗೆ ಮಾಮೂಲಿ ಡಬ್ಬಿ ಇಟ್ಟರು. ಆ ವಿಚಿತ್ರದವನ್ನ ಎಸೆಯೋ ಬದಲು ಡಾಕ್ಟರ ಕೈಗೆ ಶಸ್ತ್ರಚಿಕಿತ್ಸೆಯ ಉಪಕರಣ ಅಂತ ಕೊಟ್ಟರು. ಮೂರು ಸೀಸನ್ ಪೂರ್ತಿ ಆ ಮಹಾನುಭಾವ ಉಪ್ಪಿನ ಡಬ್ಬಿ ಆಡಿಸಿಕೊಂಡೇ ಜನರ ಪ್ರಾಣ ಉಳಿಸಿದ. ಉಪ್ಪು ತಿಂದವನು ನೀರು ಕುಡೀಲೇಬೇಕು ಅಂತಾರೆ, ಇಲ್ಲಿ ಉಪ್ಪು ತುಂಬದ ಡಬ್ಬೀಗೂ ಕೆಲಸ ತಪ್ಪಲಿಲ್ಲ.

ಹಡಗಿನವರು ನಿಂತಲ್ಲೇ ಮಿಣಮಿಣ ಅಂತ ಕರಗಿ ಇನ್ನೊಂದು ಗ್ರಹದಲ್ಲಿ ಮೂಡ್ತಾರಲ್ಲ, ಅದರದ್ದೂ ಇದೇ ಜಾತಕ. ವಾರವಾರ ಅಷ್ಟು ದೊಡ್ಡ ಹಡಗನ್ನ ಹೊಸಹೊಸ ಗ್ರಹದಲ್ಲಿ ಇಳಿಸಿ ತೋರಿಸೋಕೆ ದುಡ್ಡೆಲ್ಲಿ? ಅದಕ್ಕೇ ಜೀನ್ ರಾಡನ್‌ಬೆರಿ, ಇದರ ಮೂಲಪುರುಷ, ಹಿಂದೆ ಲಾಸ್ ಏಂಜಲೀಸ್ ಪೊಲೀಸಿನಲ್ಲಿದ್ದವನು, ಹಡಗು ಇಳಿಯೋದೇ ಬೇಡ, ಜನ ಮಾತ್ರ ಇಳೀಲಿ ಅಂದ. ಬೆಳಕಿನಲ್ಲಿ ಅಲ್ಯೂಮಿನಿಯಂ ಪುಡಿ ಉದುರಿಸಿ ಅದನ್ನೇ ಚಿತ್ರೀಕರಿಸಿ ಅಂಟಿಸಿದ್ರು, ಮುಗೀತು. ಇವತ್ತು ಕಥೆ ಬರೆಯೋ ಪ್ರತಿಯೊಬ್ಬನೂ ಅದನ್ನ ಮಹಾ ಕಲ್ಪನೆ ಅಂತ ಸಾಲ ತಗೋತಾನೆ. ಅದು ಹುಟ್ಟಿದ್ದು ಖರ್ಚಿನ ಪಟ್ಟಿಯಲ್ಲಿ ಸ್ವಾಮೀ!

ಈಗ ನನಗೆ ತುಂಬಾ ಬೇಕಾದ ಕಂತಿಗೆ ಬರ್ತೀನಿ. ಆ ಕುರ್ಚಿ ಹಾಕ್ಕೊಳ್ಳಿ, ಇದು ಸ್ವಲ್ಪ ಉದ್ದ.

'ದಿ ಡೆವಿಲ್ ಇನ್ ದಿ ಡಾರ್ಕ್', 1967ರ ಮಾರ್ಚ್ ತಿಂಗಳಿನದು. ಒಂದು ಗಣಿ ಗ್ರಹ. ಸುರಂಗದೊಳಗೆ ಏನೋ ಒಂದು ಗಣಿಯವರನ್ನ ಆಮ್ಲ ಸುರಿದ ಹಾಗೆ ಸುಟ್ಟು ಸುಟ್ಟು ಕೊಲ್ತಾ ಇದೆ. ಐವತ್ತು ಜನ ಹೋಗಿದ್ದಾರೆ. ಕರ್ಕ್‌ನ ಹಡಗು ಎಂಟರ್‌ಪ್ರೈಸ್ ಬರುತ್ತೆ, ಬಂದೂಕು ಹಿಡ್ಕೊಂಡು ಎಲ್ಲ ಒಳಗೆ ಹೊಗ್ತಾರೆ. ಪ್ರಾಣಿ ಕಾಣಿಸುತ್ತೆ. ನಿಜ ಹೇಳ್ಬೇಕಂದ್ರೆ ಅದು ಕಂಬಳಿ ಹೊದ್ದು ತೆವಳ್ತಾ ಇರೋ ಒಬ್ಬ ಮನುಷ್ಯ. ಯಾನೋಶ್ ಪ್ರೊಹಾಸ್ಕ ಅಂತ, ಇಂಥ ವೇಷ ಕಟ್ಟೋದರಲ್ಲೇ ಹೆಸರು ಮಾಡಿದವನು. ನಿಮ್ಮ ಮೊಮ್ಮಗ ನಕ್ಕದ್ದು ಅಲ್ಲೇ. ನಗಲಿ. ಆದ್ರೆ ಕಥೆ ಏನಪ್ಪಾ ಅಂದ್ರೆ, ಗಣಿಯವರು ಸುರಂಗದಲ್ಲಿ ಸಿಕ್ಕ ಗುಂಡು ಗುಂಡು ಕಲ್ಲುಗಳನ್ನ ಕಸ ಅಂತ ಒಡೆದು ಹಾಕ್ತಿದ್ರು. ಅವು ಮೊಟ್ಟೆ. ಅದು ತಾಯಿ.

ಇದರಲ್ಲಿ ಒಂದು ಸೂಕ್ಷ್ಮ ಇದೆ, ಮೊದಲ ಸಲ ನೋಡಿದಾಗ ಯಾರ ಕಣ್ಣಿಗೂ ಬೀಳಲ್ಲ. ಶುರುವಿನಲ್ಲಿ ಕರ್ಕ್‌ನ ಜೊತೆಗಾರ ಅಧಿಕಾರಿ, ಚೂಪು ಕಿವಿಯ ಸ್ಪಾಕ್ ಹೇಳ್ತಾನೆ, ಇದು ಈ ಜಾತಿಯ ಕೊನೇದಿರಬಹುದು, ಕೊಲ್ಲೋದು ಅಪರಾಧ ಅಂತ. ಕರ್ಕ್, ಆಗಲ್ಲ, ಕೊಲ್ಲಲೇಬೇಕು ಅಂತಾನೆ. ಆಮೇಲೆ ಸುರಂಗ ಕುಸಿದು ಕರ್ಕ್ ಒಬ್ಬನೇ ಆ ಪ್ರಾಣಿಯ ಎದುರು ಸಿಕ್ಕಿಬೀಳ್ತಾನೆ. ಇಬ್ಬರೂ ಒಬ್ಬರನ್ನೊಬ್ಬರು ನೋಡ್ತಾ ಕೂತಿದ್ದಾರೆ, ಮಾತಿಲ್ಲ ಕತೆಯಿಲ್ಲ. ಆಗ ರೇಡಿಯೋದಲ್ಲಿ ಸ್ಪಾಕ್ ಕೂಗ್ತಾನೆ, ಬೇಗ ಕೊಂದುಬಿಡಿ ಕ್ಯಾಪ್ಟನ್ ಅಂತ! ತತ್ವ ಹೇಳಿದವನಿಗೆ ಗೆಳೆಯನ ಜೀವ ಅಂದ ಕೂಡಲೇ ತತ್ವ ಬಿದ್ದುಹೋಯ್ತು. ಕೊಲ್ತೀನಿ ಅಂದವನು, ಎದುರಿಗೆ ಕೂತು ನೋಡಿದ ಮೇಲೆ, ಬಂದೂಕು ತಗ್ಗಿಸಿಬಿಟ್ಟ. ಯಾರೂ ಭಾಷಣ ಮಾಡಲ್ಲ. ಇಬ್ಬರೂ ಜಾಗ ಬದಲಾಯಿಸಿಕೊಂಡ್ರು ಅಂತ ಬೊಟ್ಟು ಮಾಡಿ ಯಾರೂ ತೋರಿಸಲ್ಲ. ಜೀನ್ ಕೂನ್ ಅಂತ ಬರೆದವನು, ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರ್ತಾನೆ.

ಮುಂದೆ ಸ್ಪಾಕ್ ಆ ಪ್ರಾಣಿಯ ಮೈಮೇಲೆ ಕೈಯಿಟ್ಟು ಮನಸ್ಸಿಗೆ ಮನಸ್ಸು ಜೋಡಿಸಿ, ಅದರ ನೋವನ್ನ ತಾನೇ ಅರಚ್ತಾನೆ. ಡಾಕ್ಟರು ಬರ್ತಾರೆ. ಕಲ್ಲಿನ ಪ್ರಾಣಿಗೆ ಎಂಥ ಔಷಧಿ? ನಾನು ಡಾಕ್ಟರು, ಗಾರೆ ಕೆಲಸದವನಲ್ಲ ಅಂತ ಗೊಣಗಿಕೊಂಡೇ ಕರಣೆ ಹಿಡಿದು ಗಾಯಕ್ಕೆ ಕಾಂಕ್ರೀಟು ಮೆತ್ತುತ್ತಾರೆ. ಗುಣ ಆಗುತ್ತೆ! ಕೊನೇಲಿ ಏನು ಒಪ್ಪಂದ ಗೊತ್ತೇ? ಮರಿಗಳು ಸುರಂಗ ಕೊರೀಲಿ, ಗಣಿಯವರು ಹಿಂದೆ ಹೋಗಿ ಅದಿರು ಬಾಚ್ಕೊಳ್ಳಲಿ. ಇನ್ನೊಂದು ಗುಂಡು ಹಾರದೆ ಲಾಭ ಜಾಸ್ತಿ. ಆ ಕಂತಿನ ಚಿತ್ರೀಕರಣದ ಹೊತ್ತಿಗೇ ಕರ್ಕ್ ಪಾತ್ರದ ವಿಲಿಯಂ ಶಾಟ್ನರ್‌ಗೆ ತಂದೆ ತೀರಿಕೊಂಡ ಸುದ್ದಿ ಬಂತಂತೆ. ಅದು ಗೊತ್ತಾದ ಮೇಲೆ ಆ ಸುರಂಗದ ದೃಶ್ಯ ಬಂದ್ರೆ ನಾನು ಪಕ್ಕದಲ್ಲಿ ಕೂತವರ ಜೊತೆ ಮಾತಾಡಲ್ಲ.

ಇನ್ನೊಂದು 'ಬ್ಯಾಲೆನ್ಸ್ ಆಫ್ ಟೆರರ್'. ಹೆಚ್ಚುಕಮ್ಮಿ ಇಡೀ ಕಂತು ಎರಡು ಕೋಣೆ, ನಮ್ಮ ಹಡಗಿಂದು ಒಂದು, ಶತ್ರು ಹಡಗಿಂದು ಒಂದು. ಒಬ್ಬರ ಕಣ್ಣಿಗೆ ಒಬ್ಬರು ಬೀಳದ ಹಾಗೆ ಉಸಿರು ಬಿಗಿಹಿಡಿದು ಕಾದಾಡೋದು. 1957ರ ಒಂದು ಜಲಾಂತರ್ಗಾಮಿ ಸಿನಿಮಾದಿಂದ ಎತ್ತಿದ್ದು, ಎತ್ತಿದ್ದಾದ್ರೂ ಚೆನ್ನಾಗಿ ಎತ್ತಿದ್ದಾರೆ. ರೋಮ್ಯುಲನ್ ಅನ್ನೋ ಶತ್ರುವನ್ನ ಅಲ್ಲಿಯವರೆಗೆ ಯಾರೂ ಮುಖತಃ ನೋಡಿಲ್ಲ. ಪರದೆ ಮೇಲೆ ಮುಖ ಬರುತ್ತೆ, ನೋಡಿದ್ರೆ ಸ್ಪಾಕ್‌ನ ಹಾಗೇ ಚೂಪು ಕಿವಿ! ಹಡಗಿನವರ ತಲೆಯೆಲ್ಲ ಒಂದೇ ಸಲಕ್ಕೆ ಸ್ಪಾಕ್ ಕಡೆ ತಿರುಗುತ್ತೆ. ಒಬ್ಬ ಅಧಿಕಾರಿ ಇಡೀ ಹೊತ್ತು ಅವನನ್ನ ಗೂಢಚಾರ ಅನ್ನೋ ಹಾಗೆ ಚುಚ್ತಾ ಇರ್ತಾನೆ. ಅಲ್ಲೂ ಕಾಸಿನ ಕಥೆ ಇದೆ. ಚೂಪು ಕಿವಿ ಮಾಡಿಸೋದು ದುಬಾರಿ, ಹೊತ್ತೂ ಹಿಡಿಯುತ್ತೆ. ಹಾಗಾಗಿ ಮುಖ್ಯ ಪಾತ್ರದವರಿಗೆ ಕಿವಿ, ಮಿಕ್ಕ ಸಿಪಾಯಿಗಳಿಗೆ ಕಿವಿ ಮುಚ್ಚೋ ಶಿರಸ್ತ್ರಾಣ. ಅದು ರೋಮನ್ ಸೈನ್ಯದ ಗತ್ತು ಅಂತ ವಿಮರ್ಶಕರು ಬರೀಬಹುದು, ನಾನು ಉಳಿತಾಯ ಅಂತೀನಿ. ಆ ಕಿವಿಗೆ ಎನ್‌ಬಿಸಿಯವರು ಮೊದಲು ಹೆದರಿದ್ದೂ ಉಂಟು. ಸೈತಾನನ ಹಾಗೆ ಕಾಣುತ್ತೆ ಅಂತ ಪ್ರಚಾರದ ಪುಸ್ತಿಕೇಲಿ ಸ್ಪಾಕ್‌ನ ಕಿವಿಯನ್ನ ತಿದ್ದಿ ದುಂಡಗೆ ಮಾಡಿದ್ರು. ಆಮೇಲೆ ಲೆನರ್ಡ್ ನಿಮಾಯ್‌ಗೆ ಬಂದ ಅಭಿಮಾನಿಗಳ ಪತ್ರ ಮೂಟೆಗಟ್ಟಲೆ.

ಟ್ರಿಬಲ್‌ನ ಕಂತು ನಿಮಗೇ ಅಂತ ಮಾಡಿಸಿದ್ದು ರಾಯರೇ. ಬರೆದ ಡೇವಿಡ್ ಜೆರಾಲ್ಡ್‌ಗೆ ಆಗ 23 ವರ್ಷ. ಟ್ರಿಬಲ್ ಅಂದ್ರೆ ರೋಮದ ಉಂಡೆ. ಕೈಕಾಲಿಲ್ಲ, ಕಣ್ಣುಮೂಗಿಲ್ಲ, ಗುರ್ ಗುರ್ ಅನ್ನುತ್ತೆ, ತಿನ್ನುತ್ತೆ, ಹೆರುತ್ತೆ. ಬಾಹ್ಯಾಕಾಶದ ಉಗ್ರಾಣದೊಳಗೆ ಬಿತ್ತನೆಗೆ ಇಟ್ಟ ಧಾನ್ಯವನ್ನೆಲ್ಲ ಮುಕ್ಕಿಬಿಟ್ಟಿವೆ. ಎಷ್ಟಿರಬಹುದು ಅಂದ್ರೆ ಸ್ಪಾಕ್ ಕೂಡಲೇ ಹೇಳ್ತಾನೆ: 17,71,561. ನಾನು ಕಾಗದ ಪೆನ್ಸಿಲ್ಲು ಹಿಡಿದು ಕೂತೆ. ಒಂದು ಟ್ರಿಬಲ್, ಹನ್ನೆರಡು ಗಂಟೆಗೊಮ್ಮೆ ಹತ್ತು ಮರಿ. ತಾಯಿ ಸೇರಿ ಹನ್ನೊಂದು. ಮತ್ತೆ ಅಷ್ಟೂ ಹೆರುತ್ತವೆ, 121. ಆಮೇಲೆ 1,331, 14,641, 1,61,051. ಮೂರು ದಿನ ಮುಗಿಯೋ ಆರನೇ ಸಲಕ್ಕೆ 17,71,561! ಒಂದು ಮರಿ ಹೆಚ್ಚಿಲ್ಲ, ಕಮ್ಮಿ ಇಲ್ಲ. ಆಡಿಟ್ಟಿನವರೂ ಸಹಿ ಹಾಕಿಕೊಡೋ ಲೆಕ್ಕ.

ಮೇಲಿನ ಕಪಾಟಿನ ಬಾಗಿಲು ತೆರೆದಾಗ ಅಷ್ಟೂ ಕರ್ಕ್ ತಲೆಮೇಲೆ ಸುರಿಯುತ್ತೆ. ಕುತ್ತಿಗೆವರೆಗೆ ಹೂತು ನಿಂತಿದ್ದಾನೆ ಮನುಷ್ಯ, ಸುರಿಮಳೆ ನಿಂತ ಮೇಲೂ ಒಂದೊಂದೇ ಬಂದು ತಲೆಗೆ ಟಪ್ ಅಂತ ಬೀಳುತ್ತೆ. ಅದು ಹೇಗೆ ಅಂದ್ರೆ, ಒಳಗೆ ಕೂತವರು ಇನ್ನೂ ಎಸೀತಾನೇ ಇದ್ದರು, ಹೊರಗೆ ಎಷ್ಟಾಗಿದೆ ಅಂತ ಅವರಿಗೇನು ಗೊತ್ತು! ಶಾಟ್ನರ್ ಮುಖ ನೋಡಿ ಆಗ, ಪಾತ್ರದ ಬೇಸರವೋ ನಟನ ಬೇಸರವೋ ಹೇಳೋಕಾಗಲ್ಲ.

ಖಾನ್ ವಿಷಯ ನೀವು ಕೇಳಲೇಬೇಕು, ಅದು ನಮ್ಮ ದೇಶದ ಮಾನದ ಪ್ರಶ್ನೆ. 'ಸ್ಪೇಸ್ ಸೀಡ್' ಅಂತ 1967ರ ಫೆಬ್ರವರಿಯ ಕಂತು. ತೇಲ್ತಾ ಇರೋ ಒಂದು ಹಳೇ ಹಡಗಿನಲ್ಲಿ ಇನ್ನೂರು ವರ್ಷದಿಂದ ಮಲಗಿರೋ ಒಬ್ಬ. ಹೆಸರು ಖಾನ್ ನೂನಿಯನ್ ಸಿಂಗ್. ಉತ್ತರ ಭಾರತದವನು, ಬಹುಶಃ ಸಿಖ್ಖ, ಅಂತ ಒಬ್ಬಳು ಮುಖ ನೋಡೇ ಹೇಳ್ತಾಳೆ. ಖಾನ್ ಒಂದು ಕಡೆ, ಸಿಂಗ್ ಒಂದು ಕಡೆ. ನಮ್ಮ ಯಾವ ಗುಮಾಸ್ತನೂ ಈ ಹೆಸರಿಗೆ ಒಂದೇ ಸುತ್ತಿನಲ್ಲಿ ರೇಷನ್ ಕಾರ್ಡು ಬರೆದುಕೊಡಲ್ಲ. ಪಾತ್ರ ಮಾಡಿದವನು ಮೆಕ್ಸಿಕೋದ ರಿಕಾರ್ಡೊ ಮೊಂಟಾಲ್ಬಾನ್, ಏನು ಗಾಂಭೀರ್ಯ, ಏನು ಕಂಠ! ನಿಂತರೆ ರಾಜ, ಕೂತರೆ ರಾಜ. ಆ ಖಾನ್ 1992ರಿಂದ 1996ರವರೆಗೆ ಏಷ್ಯಾದಿಂದ ಮಧ್ಯಪ್ರಾಚ್ಯದವರೆಗೆ ಭೂಮಿಯ ಕಾಲು ಭಾಗಕ್ಕಿಂತ ಹೆಚ್ಚನ್ನ ಆಳಿದನಂತೆ. ಸ್ಪಾಕೇ ಇಸವಿ ಸಮೇತ ಹೇಳ್ತಾನೆ.

ಅಲ್ಲ ರಾಯರೇ, ಆ ನಾಲ್ಕು ವರ್ಷ ನಾವೂ ನೀವೂ ಇಲ್ಲೇ ಇದ್ದೆವಲ್ಲ! ಸೀಮೆಎಣ್ಣೆ ಕ್ಯೂ ನೆನಪಿದೆ, ನರಸಿಂಹರಾಯರು ನೆನಪಿದ್ದಾರೆ, ಈ ಖಾನನ್ನ ಕಂಡ ನೆನಪೇ ಇಲ್ಲ. 1996ರಲ್ಲಿ ಅವನು ಸೋತು ಹಿಂಬಾಲಕರ ಜೊತೆ ಹಡಗು ಹತ್ತಿ ಓಡಿಹೋದ ಅನ್ನೋ ಲೆಕ್ಕ. ನಮ್ಮ ಲೆಕ್ಕದಲ್ಲಿ ಆ ಜೂನ್ 1ಕ್ಕೆ ನಮ್ಮ ದೇವೇಗೌಡರು ಪ್ರಧಾನಿಯಾಗಿ ಪ್ರಮಾಣವಚನ ತಗೊಂಡ್ರು. ಅಷ್ಟು ಕರಾರುವಾಕ್ಕಾಗಿ ಟ್ರಿಬಲ್ ಎಣಿಸಿದ ಸ್ಪಾಕ್‌ಗೆ ಹರದನಹಳ್ಳಿಯ ಸುಳಿವೇ ಸಿಗಲಿಲ್ಲ ನೋಡಿ.

1982ರ ಸಿನಿಮಾದಲ್ಲಿ ಖಾನ್ ವಾಪಸ್ ಬಂದು ಕರ್ಕ್‌ನ ಹಡಗಿನಲ್ಲಿದ್ದ ಅಧಿಕಾರಿ ಚೆಕಾಫ್‌ನನ್ನ ಕಂಡ ಕೂಡಲೇ ಗುರುತು ಹಿಡೀತಾನೆ. ಹೇಗೆ ಸಾಧ್ಯ? ಚೆಕಾಫ್ ಧಾರಾವಾಹಿಗೆ ಸೇರಿದ್ದೇ ಎರಡನೇ ಸೀಸನ್‌ಗೆ, ಖಾನ್ ಬಂದುಹೋದದ್ದು ಮೊದಲನೇದರಲ್ಲಿ. ನೀವು ಕೊಂಕು ಅಂತೀರಿ. ಸಿನಿಮಾ ಅಷ್ಟು ಚೆನ್ನಾಗಿದೆ ಅಂತಲೇ ಈ ಕೊಂಕು ತೆಗೆಯೋ ಉಮೇದು ಬರೋದು. 1979ರ ಮೊದಲ ಸಿನಿಮಾಗೆ ನಮ್ಮ ಬೊಂಬಾಯಿಯ ಪರ್ಸಿಸ್ ಖಂಬಾಟ, 1965ರ ಮಿಸ್ ಇಂಡಿಯಾ, ತಲೆ ಬೋಳಿಸಿಕೊಂಡು ನಟಿಸಿದ್ದಾಳೆ. ಅವಳೊಬ್ಬಳಿಗಾಗಿ ಕೊನೇವರೆಗೆ ಕೂತೆ, ಇಲ್ಲದಿದ್ರೆ ಪರದೆ ತುಂಬಾ ಅದೇ ಮೋಡ ನೋಡಿ ನೋಡಿ ನಿದ್ದೆ ಹೋಗಬೇಕಿತ್ತು.

'ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್' ಎಲ್ಲರೂ ಹೊಗಳ್ತಾರೆ, ಹೊಗಳಲಿ, ಯೋಗ್ಯತೆ ಇದೆ. 1930ರ ನ್ಯೂಯಾರ್ಕಿಗೆ ಹಿಂದಕ್ಕೆ ಹೋಗಿ, ಬಡವರಿಗೆ ಸೂಪು ಹಾಕೋ ಒಬ್ಬ ಒಳ್ಳೆ ಹೆಂಗಸು ಸಾಯೋದನ್ನ ತಡೆಯದೆ ನಿಲ್ಲಬೇಕಾದ ಕಥೆ. ಅವಳು ಬದುಕಿದ್ರೆ ಶಾಂತಿ ಚಳವಳಿ ಕಟ್ತಾಳೆ, ಅಮೆರಿಕ ಯುದ್ಧಕ್ಕೆ ತಡವಾಗಿ ಇಳಿಯುತ್ತೆ, ಹಿಟ್ಲರ್ ಗೆಲ್ತಾನೆ. ಲಾರಿ ಬರುತ್ತೆ, ಡಾಕ್ಟರು ಓಡ್ತಾರೆ, ಕರ್ಕ್ ಅವರನ್ನ ತಬ್ಬಿ ಹಿಡ್ಕೋತಾನೆ. ಅವಳನ್ನ ಪ್ರೀತಿಸಿದವನೇ! ಬರೆದ ಹಾರ್ಲನ್ ಎಲಿಸನ್‌ಗೆ ತನ್ನ ಬರಹ ತಿದ್ದಿದ್ರು ಅಂತ ದಶಕಗಟ್ಟಲೆ ಸಿಟ್ಟು. ಮೂಲ ಪ್ರತಿಯನ್ನ ಪುಸ್ತಕ ಮಾಡಿ ಅದರಲ್ಲೂ ಜಗಳ ಆಡಿದ. ಎರಡಕ್ಕೂ ಬಹುಮಾನ ಬಂತು, ತಿದ್ದಿದ್ದಕ್ಕೂ, ತಿದ್ದದ್ದಕ್ಕೂ. ನನಗೆ ಮಾತ್ರ ಆ ಕಂತಿನಲ್ಲಿ ಜಾಸ್ತಿ ನಗು ತರಿಸೋದು ಸ್ಪಾಕ್‌ನ ಕಿವಿ ಕಂಡ ಪೊಲೀಸಿನವನಿಗೆ ಕರ್ಕ್ ಕೊಡೋ ಸಮಜಾಯಿಷಿ. ನನ್ನ ಗೆಳೆಯ ಚೀನಾದವನು, ಚಿಕ್ಕಂದಿನಲ್ಲಿ ತಲೆ ಭತ್ತದ ಯಂತ್ರಕ್ಕೆ ಸಿಕ್ಕಿಹಾಕ್ಕೊಂಡಿತ್ತು ಅಂತ!

ಹಡಗಿನ ಸಂಪರ್ಕಾಧಿಕಾರಿ ಉಹೂರಾ ಪಾತ್ರದ ನಿಶೆಲ್ ನಿಕೋಲ್ಸ್ ಮೊದಲ ಸೀಸನ್ ಮುಗಿದಾಗ ಬಿಟ್ಟು ಹೋಗಬೇಕು ಅಂತಿದ್ದಳಂತೆ. ಅವಳೇ ಹೇಳಿಕೊಂಡ ಹಾಗೆ, ಒಂದು ಸಮಾರಂಭದಲ್ಲಿ ಅಭಿಮಾನಿಯೊಬ್ಬರು ನಿಮ್ಮನ್ನ ನೋಡ್ಬೇಕಂತೆ ಅಂದ್ರು, ತಿರುಗಿ ನೋಡಿದ್ರೆ ಮಾರ್ಟಿನ್ ಲೂಥರ್ ಕಿಂಗ್! ಬಿಡಬೇಡ ಅಂತ ಹೇಳಿ ಕಳಿಸಿದ್ದು ಅವರೇ. ನಮ್ಮಂಥವರ ಅಭಿಮಾನ ಯಾವ ಲೆಕ್ಕ ಬಿಡಿ.

ಹಾಂ, ಕೇಳ್ತೀರಿ ಅಂತ ಗೊತ್ತಿತ್ತು. ಕಾಸಿಲ್ಲದ್ದೇ ಕಾರಣ ಅಂದ್ರೆ, ಕಾಸು ಇನ್ನೂ ಕಮ್ಮಿಯಾದ ಮೂರನೇ ಸೀಸನ್ ಇನ್ನೂ ಚೆನ್ನಾಗಿರಬೇಕಿತ್ತಲ್ಲ ಅಂತ. ಅಲ್ಲೇ ನೀವು ನನ್ನ ಜುಟ್ಟು ಹಿಡಿಯೋದು. ಎರಡನೇ ಸೀಸನ್‌ಗೇ ನಿಲ್ಲಿಸ್ತಾರೆ ಅಂದಾಗ ಅಭಿಮಾನಿಗಳು ಪತ್ರದ ಮೇಲೆ ಪತ್ರ ಬರೆದು ಉಳಿಸಿಕೊಂಡ್ರು. ಎನ್‌ಬಿಸಿಯವರು ಉಳಿಸಿದ್ದೇನೋ ಹೌದು, ಶುಕ್ರವಾರ ರಾತ್ರಿ ಹತ್ತಕ್ಕೆ ನೂಕಿದ್ರು, ಬಜೆಟ್ಟೂ ಕತ್ತರಿಸಿದ್ರು. ರಾಡನ್‌ಬೆರಿ ಕೈ ತೊಳ್ಕೊಂಡ. ಆಮೇಲೆ ಬಂದ ಮೊದಲ ಕಂತೇ 'ಸ್ಪಾಕ್ಸ್ ಬ್ರೈನ್'.

ಇದನ್ನ ಹೇಗೆ ಹೇಳ್ಲಿ? ಒಬ್ಬಳು ಬಂದು ಸ್ಪಾಕ್‌ನ ಮೆದುಳು ಕದ್ಕೊಂಡು ಹೋಗ್ತಾಳೆ. ಹೂಂ, ಮೆದುಳು. ಮಿಕ್ಕ ಮೈಯನ್ನ ಡಾಕ್ಟರು ರಿಮೋಟಿನಲ್ಲಿ ನಡೆಸ್ತಾರೆ, ಗುಂಡಿ ಒತ್ತಿದ್ರೆ ನಡಿಯುತ್ತೆ, ಒತ್ತಿದ್ರೆ ತಿರುಗುತ್ತೆ. ಕದ್ದವರಿಗೆ ಮೆದುಳು ಅಂದ್ರೆ ಏನು ಅಂತಲೇ ಗೊತ್ತಿಲ್ಲ. ಕೊನೇಲಿ ಡಾಕ್ಟರು ವಾಪಸ್ ಜೋಡಿಸುವಾಗ ಅರ್ಧಕ್ಕೆ ಮರೆತುಹೋಗುತ್ತೆ. ಆಗ ಮಲಗಿರೋ ಸ್ಪಾಕೇ ಎಚ್ಚೆತ್ತು ಮಾತಾಡಿ, ಆ ನರ ಇಲ್ಲಿಗೆ ಹಾಕಿ, ಈ ನರ ಅಲ್ಲಿಗೆ ಅಂತ ತನ್ನ ಆಪರೇಷನ್ನಿಗೆ ತಾನೇ ಮೇಸ್ತ್ರಿ ಆಗ್ತಾನೆ! ನಿಮ್ಮ ಮನೆಯವರು ಒಳಗಿಂದ, "ಗಣಪತಿಗೆ ತಲೇನೇ ಜೋಡಿಸಲಿಲ್ವೇ" ಅಂತಾರೆ. ಅಮ್ಮಾ, ಗಣಪತಿ ಪಕ್ಕದಲ್ಲಿ ನಿಂತು ಹೊಲಿಗೆ ಹೇಳಿಕೊಡಲಿಲ್ಲ. ಇದನ್ನ ಬರೆದವನು ಲೀ ಕ್ರೋನಿನ್ ಅಂತ ಪರದೆ ಮೇಲೆ ಬರುತ್ತೆ. ಅದು ಕಳ್ಳ ಹೆಸರು. ಅಸಲಿಗೆ ಜೀನ್ ಕೂನ್! ಕಲ್ಲಿನ ತಾಯಿಯ ಕಥೆ ಬರೆದ ಅದೇ ಕೈ.

ಹಾಗಾಗಿ ನನ್ನ ಸಿದ್ಧಾಂತದಲ್ಲಿ ತೂತಿದೆ, ಇರಲಿ. ಕಾಸಿಲ್ಲದಿದ್ರೆ ಸಾಲದು, ಆದ್ರೆ ಕಾಸಿಲ್ಲದಾಗ ಪಾತ್ರಗಳು ಕೂತು ಮಾತಾಡಲೇಬೇಕು. ನಾನು ಅದಕ್ಕೇ ಮತ್ತೆ ಮತ್ತೆ ಹೋಗೋದು. ಎಂಬತ್ತರ ದಶಕದಲ್ಲಿ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ನೋಡುವಾಗ ಇಂಗ್ಲಿಷು ಅರ್ಧಂಬರ್ಧ. ಆದ್ರೂ ಮೂವರು, ಕರ್ಕ್, ಸ್ಪಾಕ್, ಡಾಕ್ಟರು, ವಾದಕ್ಕೆ ಇಳಿದ್ರೆ ಯಾರು ಯಾರ ಕಡೆ ಅಂತ ಮುಖದಲ್ಲೇ ಗೊತ್ತಾಗ್ತಿತ್ತು.

ಮುಂದಿನ ತಲೆಮಾರಿನದು, ಬೋಳುತಲೆಯ ಕ್ಯಾಪ್ಟನ್ ಪಿಕಾರ್ಡ್‌ದು, 1987ರಿಂದ 1994ರವರೆಗೆ ಬಂತು. ಮೊದಮೊದಲು ನೀರಸ, ನಾನೇ ಹೇಳ್ತೀನಿ. ಆದ್ರೆ 1991ರ 'ಡಾರ್ಮೊಕ್' ಬಂತು ನೋಡಿ. ಅಲ್ಲಿ ಒಂದು ಜನ, ಬರೀ ತಮ್ಮ ಪುರಾಣದ ಹೆಸರುಗಳಲ್ಲೇ ಮಾತಾಡ್ತಾರೆ. ಯಂತ್ರ ಪ್ರತಿ ಪದವನ್ನೂ ಅನುವಾದ ಮಾಡಿಕೊಡುತ್ತೆ, ತಲೆಬುಡ ಮಾತ್ರ ಅರ್ಥ ಆಗಲ್ಲ. ಪಾಪ, ಪಿಕಾರ್ಡ್ ಮುಕ್ಕಾಲು ಕಂತು ಒದ್ದಾಡ್ತಾನೆ. ನಮ್ಮ ಅತ್ತೆಗೆ ನಾನು ಕಥೆ ಹೇಳ್ತಿದ್ದಾಗ ಅವರು, "ಇದರಲ್ಲಿ ಕಷ್ಟ ಏನಪ್ಪಾ" ಅಂದ್ರು. ಅವರದೂ ಅದೇ ಭಾಷೆ ಅಲ್ವೇ! ಅಳಿಯ ಬಾಯಿಬಡಾಯಿ ಕೊಚ್ಚಿದ್ರೆ ಉತ್ತರನ ಪೌರುಷ, ಮಗ ಎದ್ದೇಳದಿದ್ರೆ ಕುಂಭಕರ್ಣ, ಮನೆಗೆ ನಲ್ಲಿ ಹಾಕಿಸಿದ್ದು ಭಗೀರಥ ಪ್ರಯತ್ನ. ಅವರನ್ನ ಎಂಟರ್‌ಪ್ರೈಸ್‌ಗೆ ಕಳಿಸಿದ್ರೆ ಕಾಫಿ ಆರೋದರೊಳಗೆ ಸಂಧಾನ ಮುಗೀತಿತ್ತು. ಆದ್ರೆ ಆ ಕಂತಿನ ಜೀವ ಇರೋದು ರಾತ್ರಿ ಬೆಂಕಿ ಪಕ್ಕದಲ್ಲಿ. ಆ ಅನ್ಯಲೋಕದ ನಾಯಕ ಗಾಯಗೊಂಡು ಸಾಯ್ತಾ ಇದ್ದಾನೆ, ಅವನಿಗೆ ಪಿಕಾರ್ಡ್ ನಮ್ಮ ಭೂಮಿಯ ಗಿಲ್ಗಮೆಶ್ ಕಥೆ ಹೇಳ್ತಾನೆ. ಎಷ್ಟು ಅರ್ಥ ಆಯ್ತೋ ಬಿಡ್ತೋ, ಅವನು ಕೇಳ್ತಾನೆ.

'ದಿ ಇನ್ನರ್ ಲೈಟ್' ಬಗ್ಗೆ ಹೆಚ್ಚು ಹೇಳಲ್ಲ, ನೋಡಿ. ಪಿಕಾರ್ಡ್ ಇಪ್ಪತ್ತೈದು ನಿಮಿಷ ಪ್ರಜ್ಞೆ ತಪ್ಪಿ ಬೀಳ್ತಾನೆ, ಅಷ್ಟರಲ್ಲಿ ಇನ್ನೊಂದು ಗ್ರಹದಲ್ಲಿ ಹೆಂಡತಿ ಮಕ್ಕಳು ಮೊಮ್ಮಗು ಎಲ್ಲ ಆಗಿ ಮುದುಕ ಆಗ್ತಾನೆ. ಅದರಲ್ಲಿ ಮಗನಾಗಿ ನಟಿಸಿದವನು ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೂವರ್ಟ್‌ನ ಸ್ವಂತ ಮಗ.

ಈಚಿನ ಹೊಸ ಸ್ಟಾರ್ ಟ್ರೆಕ್‌ಗಳಲ್ಲಿ ದುಡ್ಡಿಗೆ ಬರವಿಲ್ಲ. ಕರ್ಕ್ ಕಾಲದಲ್ಲಿ ಒಂದು ಸೀಸನ್‌ಗೆ 29 ಕಂತು, 26 ಕಂತು, ಕಡೆಗೆ 24, ಒಟ್ಟು 79. ಈಗ ಬಹುಪಾಲು ಹತ್ತಕ್ಕೇ ಮುಗೀತು. ಹತ್ತರಲ್ಲೇ ಬ್ರಹ್ಮಾಂಡ ನಾಶ ಆಗಬೇಕು, ಉಳೀಬೇಕು, ಎಲ್ಲರೂ ಅಳಬೇಕು. ಒಂದು ವಾರ ಸುಮ್ಮನೆ ರೋಮದ ಉಂಡೆ ತಲೆಗೆ ಬೀಳಿಸೋಕೆ ಪುರುಸೊತ್ತೆಲ್ಲಿ? 'ಸ್ಟ್ರೇಂಜ್ ನ್ಯೂ ವರ್ಲ್ಡ್ಸ್' ಮಾತ್ರ ಪರವಾಗಿಲ್ಲ, ಕಂತಿಗೊಂದು ಕಥೆ ಅನ್ನೋ ಹಳೇ ಪದ್ಧತಿಗೆ ಬಂದಿದೆ. 2023ರಲ್ಲಿ ಅದರದ್ದೊಂದು ಕಂತು ಪೂರ್ತಿ ಹಾಡು. ಕ್ಲಿಂಗನ್‌ಗಳು, ಹಡಗಿನವರ ಶತ್ರುಗಳಾದ ಆ ರಕ್ತಪಿಪಾಸುಗಳು, ಸಾಲಾಗಿ ನಿಂತು ಕುಣೀತಾರೆ! ಇದೇನು ಗ್ರಹಚಾರ ಅಂತ ಟೀವಿ ಆರಿಸಿದೆ. ಆಮೇಲೆ ಮನೆಯವರು ಮಲಗಿದ ಮೇಲೆ ಸದ್ದು ಕಮ್ಮಿ ಮಾಡ್ಕೊಂಡು ಆ ಕುಣಿತ ಮಾತ್ರ ಇನ್ನೊಂದು ಸಲ ನೋಡಿದೆ.

ಮೊಮ್ಮಗನಿಗೆ ಮೊದಲು ಟ್ರಿಬಲ್ ತೋರಿಸಿ, ಲೆಕ್ಕ ನೀವೇ ಹೇಳಿಕೊಡಿ. ಆಮೇಲೆ 'ಬ್ಯಾಲೆನ್ಸ್ ಆಫ್ ಟೆರರ್'. ಕಲ್ಲಿನ ತಾಯಿಯನ್ನ ಅವನಾಗಿ ಮತ್ತೆ ಕೇಳಿದ ದಿನ ಹಾಕಿ, ಒತ್ತಾಯ ಬೇಡ. 'ಸ್ಪಾಕ್ಸ್ ಬ್ರೈನ್' ಮಾತ್ರ ನಾನಿಲ್ಲದಾಗ ಹಾಕಬೇಡಿ. ಡಾಕ್ಟರು ಆ ರಿಮೋಟ್ ಗುಂಡಿ ಒತ್ತೋ ಹೊತ್ತಿಗೆ ಪಕ್ಕದಲ್ಲಿ ಕೂತು ಬೈಯೋಕೆ ನಾನಿರಬೇಕು.